ಕಮ್ಮಾರಸಾಲೆಯಿಂದ ಬಂದ ಗೋಲುಗಾರ ಸ್ಟೀವ್ ಬ್ಲೂಮರ್

ಇಂಗ್ಲೆಂಡಿನ ಫುಟ್‌ಬಾಲಿಗೆ ಮೊದಲ ತಲೆಮಾರಿನ ವೃತ್ತಿಪರ ಆಟಗಾರರು ಬಂದದ್ದು ಗಣಿ, ಗಿರಣಿ, ಕುಲುಮೆಗಳಿಂದ. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದವನು ಸ್ಟೀವ್ ಬ್ಲೂಮರ್. ಅವನು 1874ರ ಜನವರಿ 20ರಂದು ವೂಸ್ಟರ್‌ಶೈರ್‌ನ ಕ್ರೇಡ್ಲಿಯಲ್ಲಿ ಹುಟ್ಟಿದ. ತಂದೆ ಕೇಲಬ್ ಕಬ್ಬಿಣದ ಕೆಲಸದವನು. ಕುಲುಮೆಗಳ ಹೊಗೆಯಿಂದ ಆ ಸೀಮೆಗೆಲ್ಲ ‘ಬ್ಲ್ಯಾಕ್ ಕಂಟ್ರಿ’ ಎಂಬ ಹೆಸರೇ ಬಿದ್ದಿತ್ತು. ಕ್ರೇಡ್ಲಿಯ ಸುತ್ತಮುತ್ತ ಮನೆಮನೆಯ ಹಿತ್ತಿಲಲ್ಲೂ ಒಂದು ಸಣ್ಣ ಕುಲುಮೆ ಇರುತ್ತಿತ್ತು. ಗಂಡಸರು ದೊಡ್ಡ ಕಾರ್ಖಾನೆಗೆ ಹೋದರೆ ಹೆಂಗಸರು, ಮಕ್ಕಳು ಮನೆಯಲ್ಲೇ ಮೊಳೆ ಹೊಡೆಯುತ್ತಿದ್ದರು, ಸರಪಳಿಯ ಕೊಂಡಿ ಬೆಸೆಯುತ್ತಿದ್ದರು. ಕೂಲಿ ತೀರಾ ಕಡಿಮೆ. 1910ರಲ್ಲಿ ಪಕ್ಕದ ಕ್ರೇಡ್ಲಿ ಹೀತ್‌ನ ಸರಪಳಿ ಮಾಡುವ ಹೆಂಗಸರು ಮೇರಿ ಮೆಕಾರ್ಥರ್ ಎಂಬ ಕಾರ್ಮಿಕ ನಾಯಕಿಯ ಜೊತೆ ನಿಂತು ಹತ್ತು ವಾರ ಮುಷ್ಕರ ಹೂಡಿದ ಮೇಲೆಯೇ ಅವರಿಗೆ ಕನಿಷ್ಠ ಕೂಲಿ ದಕ್ಕಿದ್ದು.

ಬ್ಲೂಮರ್‌ಗೆ ಐದು ವರ್ಷವಾಗಿದ್ದಾಗ ಕುಟುಂಬ ಕೆಲಸ ಹುಡುಕಿಕೊಂಡು ಡರ್ಬಿ ಪಟ್ಟಣಕ್ಕೆ ಬಂತು. ಮಿಡ್‌ಲ್ಯಾಂಡ್ ರೈಲ್ವೆಯ ಮುಖ್ಯ ಕಚೇರಿ ಮತ್ತು ಕಾರ್ಯಾಗಾರ ಇದ್ದ ಊರು ಅದು. ರೈಲಿಗೆ ಬೇಕಾದ ಎರಕದ ಸಾಮಾನು ಮಾಡುವ ಕಾರ್ಖಾನೆಗಳು ಅದರ ಸುತ್ತ ಬೆಳೆದಿದ್ದವು. ಹುಡುಗ ಚರ್ಚಿನ ಶಾಲೆಯಲ್ಲಿ ಓದಿದ, ಬೀದಿಯಲ್ಲಿ ಚೆಂಡು ಒದ್ದ. ಶಾಲೆ ಬಿಟ್ಟ ಮೇಲೆ ತಂದೆಯ ದಾರಿಯಲ್ಲೇ ಕಬ್ಬಿಣದ ಕೆಲಸಕ್ಕೆ ಸೇರಿಕೊಂಡ.

ಅವನಿಗೆ ಸಿಕ್ಕಿದ್ದು ಕಮ್ಮಾರನ ಕೈಕೆಳಗೆ ಸುತ್ತಿಗೆ ಹೊಡೆಯುವ ಕೆಲಸ. ಕಾದ ಕಬ್ಬಿಣವನ್ನು ಕಮ್ಮಾರ ಇಕ್ಕಳದಲ್ಲಿ ಹಿಡಿದು ಬಡಿಗಲ್ಲಿನ ಮೇಲಿಟ್ಟು ತಿರುಗಿಸುತ್ತಾನೆ. ಎದುರಿಗೆ ನಿಂತವನು ಎರಡೂ ಕೈಯಲ್ಲಿ ದೊಡ್ಡ ಸುತ್ತಿಗೆ ಎತ್ತಿ, ಕಮ್ಮಾರ ತೋರಿಸಿದ ಜಾಗಕ್ಕೆ ಸರಿಯಾಗಿ ಇಳಿಸಬೇಕು. ಕಬ್ಬಿಣದ ಕೆಂಪು ಆರುವುದರೊಳಗೆ ಕೆಲಸ ಮುಗಿಯಬೇಕು. ಒಂದು ಪೆಟ್ಟು ತಪ್ಪಿದರೆ ಮತ್ತೆ ಬೆಂಕಿಗೆ ಹಾಕಬೇಕು. ಈ ದುಡಿಮೆಯಿಂದ ಬ್ಲೂಮರ್‌ನ ಮೈಯೇನೂ ದಪ್ಪವಾಗಲಿಲ್ಲ. ಅವನದು ಸಾಧಾರಣ ಎತ್ತರ, ತೆಳುವಾದ ಮೈಕಟ್ಟು. ಮುಖದಲ್ಲಿ ರಕ್ತವೇ ಇಲ್ಲವೇನೋ ಎನ್ನುವಷ್ಟು ಬಿಳಿಚಿಕೊಂಡಿದ್ದರಿಂದ ಮುಂದೆ ‘ಪೇಲ್‌ಫೇಸ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಆದರೆ ಕ್ಷಣ ನೋಡಿ ಪೆಟ್ಟು ಕೊಡುವ ಗುಣ ಅವನ ಆಟದಲ್ಲಿ ಕೊನೆಯವರೆಗೂ ಎದ್ದು ಕಾಣುತ್ತಿತ್ತು.

ಅವನು ಬೆಳೆಯುತ್ತಿದ್ದ ಕಾಲಕ್ಕೆ ಫುಟ್‌ಬಾಲ್ ಕೂಡ ರೂಪ ಬದಲಿಸುತ್ತಿತ್ತು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದಾಗ ಆಟ ಮುಖ್ಯವಾಗಿ ಸಿರಿವಂತರ ಶಾಲೆಗಳಲ್ಲಿ ಕಲಿತವರ ಕೈಯಲ್ಲಿತ್ತು. ಹಣಕ್ಕಾಗಿ ಆಡುವುದು ಅವರ ಕಣ್ಣಿಗೆ ಕೀಳಾಗಿ ಕಾಣುತ್ತಿತ್ತು. ಶನಿವಾರ ಮಧ್ಯಾಹ್ನದ ಮೇಲೆ ಕಾರ್ಖಾನೆಗಳಿಗೆ ರಜೆ ಸಿಗುವ ರೂಢಿ ಬೆಳೆದ ಮೇಲೆ ಉತ್ತರದ ಮತ್ತು ನಡುನಾಡಿನ ಕೈಗಾರಿಕಾ ಪಟ್ಟಣಗಳಲ್ಲಿ ಕೂಲಿಕಾರರು ಆಡತೊಡಗಿದರು. ನೋಡಲು ಜನ ಸೇರಿದರು, ಟಿಕೆಟ್ ಹಣ ಬಂತು. ಒಳ್ಳೆಯ ಆಟಗಾರನಿಗೆ ಗುಟ್ಟಾಗಿ ಕಾಸು ಕೊಟ್ಟು ಕರೆತರುವುದೂ ಶುರುವಾಯಿತು. ಗ್ಲಾಸ್ಗೋದ ಕಲ್ಲುಕುಟಿಗ ಫರ್ಗಸ್ ಸೂಟರ್ 1878ರಲ್ಲಿ ಲ್ಯಾಂಕಾಶೈರ್‌ನ ಡಾರ್ವೆನ್‌ಗೆ ಬಂದದ್ದು ಹೀಗೆಯೇ. ಅಲ್ಲಿಂದ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿ 1884, 1885, 1886ರಲ್ಲಿ ಸಾಲಾಗಿ ಮೂರು ಸಲ ಎಫ್‌ಎ ಕಪ್ ಗೆದ್ದ ತಂಡದಲ್ಲಿ ಅವನು ಆಡಿದ. ತಡೆಯಲಾಗದ್ದನ್ನು ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ ಎಂದು ಕಂಡ ಅಸೋಸಿಯೇಷನ್ 1885ರ ಜುಲೈನಲ್ಲಿ ವೃತ್ತಿಪರ ಆಟವನ್ನು ಕಾನೂನುಬದ್ಧಗೊಳಿಸಿತು.

ಆಟಗಾರರಿಗೆ ಸಂಬಳ ಕೊಡಬೇಕೆಂದ ಮೇಲೆ ಕ್ಲಬ್ಬುಗಳಿಗೆ ವಾರವಾರವೂ ಪಂದ್ಯ ಬೇಕು, ವಾರವಾರವೂ ಆದಾಯ ಬೇಕು. ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಅವರ ಪ್ರಯತ್ನದಿಂದ 1888ರಲ್ಲಿ 12 ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಶುರುವಾಯಿತು. ಲ್ಯಾಂಕಾಶೈರ್‌ನ ಆರು, ನಡುನಾಡಿನ ಆರು. ಲಂಡನ್ನಿನದು ಒಂದೂ ಇರಲಿಲ್ಲ. ಆ 12ರಲ್ಲಿ ಡರ್ಬಿ ಕೌಂಟಿಯೂ ಒಂದು. ಡರ್ಬಿಶೈರ್ ಕ್ರಿಕೆಟ್ ಕ್ಲಬ್ಬಿನವರು 1884ರಲ್ಲಿ ಕಟ್ಟಿದ ತಂಡ ಅದು.

ಸ್ಥಳೀಯ ಹುಡುಗರ ತಂಡಗಳಲ್ಲಿ ಬ್ಲೂಮರ್ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ ಸುದ್ದಿ ಡರ್ಬಿ ಕೌಂಟಿಯವರ ಕಿವಿಗೆ ಬೀಳಲು ತಡವಾಗಲಿಲ್ಲ. 1892ರಲ್ಲಿ ಅವನನ್ನು ವಾರಕ್ಕೆ ಏಳು ಶಿಲ್ಲಿಂಗ್ ಆರು ಪೆನ್ಸ್ ಸಂಬಳಕ್ಕೆ ಸೇರಿಸಿಕೊಂಡರು. ಆಗಿನ ಭಾರತದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಆರು ರೂಪಾಯಿ. ಹೊಟ್ಟೆಪಾಡಿಗೆ ಅದು ಸಾಲದು. ಶುರುವಿನಲ್ಲಿ ಅವನು ಅರೆಕಾಲಿಕ ವೃತ್ತಿಪರ. ಸುತ್ತಿಗೆಯ ಕೆಲಸವೂ ಜೊತೆಗೇ ನಡೆಯುತ್ತಿತ್ತು. 1892ರ ಸೆಪ್ಟೆಂಬರ್ 3ರಂದು ಸ್ಟೋಕ್ ತಂಡದ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದಾಗ ಅವನಿಗೆ ಹದಿನೆಂಟು ವರ್ಷ.

ಡರ್ಬಿಯಲ್ಲಿ ಅವನಿಗೆ ಒಬ್ಬ ಗುರು ಸಿಕ್ಕಿದ. ಹೆಸರು ಜಾನ್ ಗುಡಾಲ್. 1888–89ರ ಮೊದಲ ಲೀಗಿನಲ್ಲಿ ಒಂದು ಪಂದ್ಯವನ್ನೂ ಸೋಲದೆ ಗೆದ್ದ ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಮುಖ್ಯ ಗೋಲುಗಾರ ಅವನೇ. 1889ರಲ್ಲಿ ಡರ್ಬಿಗೆ ಬಂದಿದ್ದ. ಚೆಂಡು ಸಿಕ್ಕಿದವನು ಎದುರಾಳಿಗಳ ನಡುವೆ ಒಬ್ಬನೇ ನುಗ್ಗಿ ಓಡುವುದೇ ಆಟ ಎಂದು ತಿಳಿದಿದ್ದ ಕಾಲದಲ್ಲಿ, ಒಬ್ಬರಿಂದೊಬ್ಬರಿಗೆ ಚೆಂಡು ದಾಟಿಸುತ್ತಾ ಮುಂದೆ ಸಾಗುವ ಸ್ಕಾಟ್ಲೆಂಡಿನ ಪದ್ಧತಿ ಗುಡಾಲ್‌ಗೆ ಕರಗತವಾಗಿತ್ತು. ಹುಡುಗನ ಪ್ರತಿಭೆ ಕಂಡ ಗುಡಾಲ್ ಅವನನ್ನು ತನ್ನ ಪಕ್ಕದಲ್ಲೇ ಇಟ್ಟುಕೊಂಡು ಬೆಳೆಸಿದ. ಬ್ಲೂಮರ್‌ನ ಬಗ್ಗೆ ಮಾತಾಡುವವರು ಗೋಲುಗಳನ್ನಷ್ಟೇ ಎಣಿಸುತ್ತಾರೆ; ಎದುರಾಳಿಗಳ ನಡುವಿನ ಸಂದಿಯಲ್ಲಿ ಅವನು ದಾಟಿಸುತ್ತಿದ್ದ ಉದ್ದನೆಯ ಪಾಸ್‌ಗಳೂ ಅಷ್ಟೇ ಮುಖ್ಯ. ಆ ಪಾಠ ಗುಡಾಲ್‌ನ ಜೊತೆ ಆಡಿ ಕಲಿತದ್ದು.

ಬ್ಲೂಮರ್ ಆಡುತ್ತಿದ್ದದ್ದು ‘ಇನ್‌ಸೈಡ್ ರೈಟ್’ ಜಾಗದಲ್ಲಿ. ಆಗ ತಂಡಗಳು ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ಕಟ್ಟಿನಲ್ಲಿ ನಿಲ್ಲುತ್ತಿದ್ದವು. ಮುಂದಿನ ಐವರಲ್ಲಿ ನಟ್ಟನಡುವಿನವನ ಬಲಕ್ಕೆ ಇರುವವನು ಇನ್‌ಸೈಡ್ ರೈಟ್. ಅಂದಿನ ನಿಯಮಗಳು ಮುಂದಿನ ಸಾಲಿನ ಆಟಗಾರನಿಗೆ ಸುಲಭವಾಗಿರಲಿಲ್ಲ. ಆಫ್‌ಸೈಡ್ ಆಗದಿರಬೇಕಾದರೆ ಅವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕಿತ್ತು. ಅದು ಇಬ್ಬರಿಗೆ ಇಳಿದದ್ದು 1925ರಲ್ಲಿ. ಗೋಲ್‌ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಿತ್ತು. ಆ ಅವಕಾಶ 1912ರವರೆಗೂ ಉಳಿದಿತ್ತು. ಚೆಂಡು ದಪ್ಪ ಚರ್ಮದ್ದು, ಬಾಯಿಗೆ ದಾರ ಬಿಗಿದದ್ದು. ಮಳೆ ಬಂದರೆ ನೀರು ಹೀರಿ ತೂಕ ಏರುತ್ತಿತ್ತು. ಬೂಟುಗಳೂ ಕಣಕಾಲು ಮುಚ್ಚುವಷ್ಟು ಎತ್ತರದ, ಗಟ್ಟಿ ಚರ್ಮದ ಭಾರವಾದ ಬೂಟುಗಳು. ಇಂಥ ಸಲಕರಣೆಯಲ್ಲಿ ಬ್ಲೂಮರ್ ಎರಡೂ ಕಾಲಿನಿಂದ, ಚೆಂಡು ಬಂದ ಬಂದ ಹಾಗೆಯೇ, ಕಾಲನ್ನು ಹಿಂದಕ್ಕೆ ಬೀಸದೆ ಒದೆಯುತ್ತಿದ್ದ. ಚೆಂಡು ಹುಲ್ಲಿಗೆ ತಾಗಿಕೊಂಡೇ ಹೋಗಿ ಗೋಲಿನ ಮೂಲೆ ಸೇರುತ್ತಿತ್ತು. ಒದೆಯುವ ಸೂಚನೆಯೇ ಸಿಗದಿದ್ದರಿಂದ ಗೋಲ್‌ಕೀಪರ್‌ಗೆ ಬೀಳಲೂ ಸಮಯವಿರುತ್ತಿರಲಿಲ್ಲ.

1895ರಲ್ಲಿ ಡರ್ಬಿ ಕೌಂಟಿ ‘ಬೇಸ್‌ಬಾಲ್ ಗ್ರೌಂಡ್’ಗೆ ಬಿಡಾರ ಬದಲಿಸಿತು. ಈ ಹೆಸರಿನ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. ಡರ್ಬಿಯ ಎರಕದ ಕಾರ್ಖಾನೆಯ ಒಡೆಯ ಫ್ರಾನ್ಸಿಸ್ ಲೇ ಅಮೆರಿಕಕ್ಕೆ ಹೋದಾಗ ಅಲ್ಲಿನ ಬೇಸ್‌ಬಾಲ್ ಆಟಕ್ಕೆ ಮರುಳಾಗಿ, ತನ್ನ ಕೆಲಸಗಾರರಿಗಾಗಿ ಕಾರ್ಖಾನೆಯ ಪಕ್ಕದಲ್ಲೇ ಬೇಸ್‌ಬಾಲ್ ಮೈದಾನ ಮಾಡಿಸಿದ. ಆ ಜಾಗದಲ್ಲಿ ಬೀಡುಬಿಟ್ಟಿದ್ದ ಜಿಪ್ಸಿಗಳನ್ನು ಎಬ್ಬಿಸಿದ್ದಕ್ಕೆ ಅವರು ಡರ್ಬಿಗೆ ಎಫ್‌ಎ ಕಪ್ ಎಂದೂ ಸಿಗದಿರಲಿ ಎಂದು ಶಾಪ ಹಾಕಿದರೆಂದು ಊರಿನವರು ಹೇಳುತ್ತಾ ಬಂದರು. ಬೇಸಿಗೆಯಲ್ಲಿ ಡರ್ಬಿಯ ಬೇಸ್‌ಬಾಲ್ ತಂಡದಲ್ಲಿ ಬ್ಲೂಮರ್ ಕೂಡ ಆಡುತ್ತಿದ್ದ. ಆ ತಂಡ 1890ರ ದಶಕದಲ್ಲಿ ಬ್ರಿಟನ್ನಿನ ಚಾಂಪಿಯನ್ ಆಯಿತು. ಇನ್ನು ಫುಟ್‌ಬಾಲಿನ ಮಾತಿಗೆ ಬಂದರೆ, 1895ರ ಸೆಪ್ಟೆಂಬರ್‌ನಲ್ಲಿ ಡರ್ಬಿ ಕೌಂಟಿ ಹೊಸ ಬಿಡಾರದ ಮೊದಲ ಲೀಗ್ ಪಂದ್ಯದಲ್ಲಿ ಸಂಡರ್‌ಲ್ಯಾಂಡ್ ತಂಡವನ್ನು 2–0ಯಿಂದ ಸೋಲಿಸಿತು. ಎರಡೂ ಗೋಲು ಬ್ಲೂಮರ್‌ನವು. ಆ ಋತುವಿನಲ್ಲಿ ಡರ್ಬಿ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಬಂತು.

ಇಂಗ್ಲೆಂಡ್ ತಂಡಕ್ಕೆ ಅವನು ಕಾಲಿಟ್ಟದ್ದು ಅದೇ ವರ್ಷ ಮಾರ್ಚ್ 9ರಂದು, ಡರ್ಬಿಯಲ್ಲೇ, ಐರ್ಲೆಂಡ್ ವಿರುದ್ಧ. ಇಂಗ್ಲೆಂಡ್ 9–0ಯಿಂದ ಗೆದ್ದ ಆ ಪಂದ್ಯದಲ್ಲಿ ಅವನದು ಎರಡು ಗೋಲು. ಮರುವರ್ಷ ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಇಂಗ್ಲೆಂಡ್ 9–1ರಿಂದ ಗೆದ್ದಾಗ ಐದು ಗೋಲು ಅವನೊಬ್ಬನವೇ. ಮೊದಲ ಹತ್ತು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಗೋಲು ಹೊಡೆದ. ಆಗ ಇಂಗ್ಲೆಂಡ್ ವರ್ಷಕ್ಕೆ ಆಡುತ್ತಿದ್ದದ್ದು ಸಾಮಾನ್ಯವಾಗಿ ಮೂರೇ ಪಂದ್ಯ: ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ವಿರುದ್ಧ. ಹಾಗಾಗಿ 1895ರಿಂದ 1907ರವರೆಗೆ ಹನ್ನೆರಡು ವರ್ಷ ದೇಶಕ್ಕಾಗಿ ಆಡಿದರೂ ಅವನಿಗೆ ಸಿಕ್ಕ ಪಂದ್ಯ 23 ಮಾತ್ರ. ಅದರಲ್ಲಿ ಗೋಲು 28. ಪಂದ್ಯಕ್ಕೆ ಒಂದಕ್ಕಿಂತ ಹೆಚ್ಚು ಗೋಲಿನ ಈ ಸರಾಸರಿ ಯಾವ ಕಾಲಕ್ಕೂ ಬೆರಗು ಹುಟ್ಟಿಸುವಂಥದ್ದೇ. ಅವನ 28 ಗೋಲಿನ ದಾಖಲೆಯನ್ನು 1911ರಲ್ಲಿ ವಿವಿಯನ್ ವುಡ್‌ವರ್ಡ್ ಮೀರಿದ. ವುಡ್‌ವರ್ಡ್ ಸಂಬಳ ಪಡೆಯದೆ ಆಡುತ್ತಿದ್ದ ಹವ್ಯಾಸಿ ಆಟಗಾರ.

ಲೀಗಿನಲ್ಲಿ ಬ್ಲೂಮರ್ ಐದು ಋತುಗಳಲ್ಲಿ ಮೊದಲ ದರ್ಜೆಯ ಅತಿ ಹೆಚ್ಚು ಗೋಲುಗಳ ಸ್ಥಾನ ಪಡೆದ. ಒಮ್ಮೆ ಅದನ್ನು ಇನ್ನೊಬ್ಬನೊಂದಿಗೆ ಹಂಚಿಕೊಂಡ. ಇಷ್ಟಾದರೂ ಕಪ್ ಅವನ ಕೈಗೆ ಬರಲೇ ಇಲ್ಲ. 1898ರ ಎಫ್‌ಎ ಕಪ್ ಫೈನಲ್‌ನಲ್ಲಿ ಡರ್ಬಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 3–1ರಿಂದ ಸೋತಿತು. ಡರ್ಬಿಯ ಒಂದು ಗೋಲು ಬ್ಲೂಮರ್‌ನದು. 1899ರಲ್ಲಿ ಶೆಫೀಲ್ಡ್ ಯುನೈಟೆಡ್‌ಗೆ 4–1ರಿಂದ ಸೋಲು. 1903ರಲ್ಲಿ ಗಾಯದಿಂದ ಅವನು ಹೊರಗುಳಿದಾಗ ‘ಬರಿ’ ಎಂಬ ತಂಡ ಡರ್ಬಿಯನ್ನು 6–0ಯಿಂದ ಬಗ್ಗುಬಡಿಯಿತು. ಜಿಪ್ಸಿಗಳ ಶಾಪದ ಮಾತಿಗೆ ಇದೆಲ್ಲ ಇಂಬು ಕೊಟ್ಟಿತು. ಡರ್ಬಿ ಕೊನೆಗೂ ಆ ಕಪ್ ಗೆದ್ದದ್ದು 1946ರಲ್ಲಿ.

ಇಷ್ಟು ಹೆಸರು ಮಾಡಿದ ಆಟಗಾರನ ದುಡಿಮೆ ಎಷ್ಟಿತ್ತು ಎಂಬುದನ್ನು ಬಿಡಿಸಿ ನೋಡಬೇಕು; ಆ ತಲೆಮಾರಿನ ಬದುಕು ಅರ್ಥವಾಗುವುದು ಅಲ್ಲಿಯೇ. 1901ರಿಂದ ಅಸೋಸಿಯೇಷನ್ ಆಟಗಾರರ ಸಂಬಳಕ್ಕೆ ವಾರಕ್ಕೆ ನಾಲ್ಕು ಪೌಂಡ್ ಎಂಬ ಮಿತಿ ಹಾಕಿತು. ಪೌಂಡಿಗೆ ಹದಿನೈದು ರೂಪಾಯಿಯಿದ್ದ ಆ ಕಾಲದಲ್ಲಿ ಅದು ಅರವತ್ತು ರೂಪಾಯಿ. ನುರಿತ ಕಮ್ಮಾರ ಅಥವಾ ಬಡಗಿಯ ವಾರದ ಕೂಲಿಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಕಮ್ಮಾರ ಅರವತ್ತರವರೆಗೂ ದುಡಿಯಬಲ್ಲ, ಫುಟ್‌ಬಾಲ್ ಆಟಗಾರನ ಕಾಲು ಮೂವತ್ತೈದಕ್ಕೆ ಸೋಲುತ್ತದೆ. ಮೊಣಕಾಲು ತಿರುಚಿದರೆ ಅಂದೇ ಕೆಲಸ ಮುಗಿದಂತೆ. ಮಿತಿ ಎಲ್ಲರಿಗೂ ಒಂದೇ ಆದ್ದರಿಂದ, ಸಾವಿರಾರು ಜನ ಯಾರನ್ನು ನೋಡಲೆಂದು ಟಿಕೆಟ್ ಕೊಳ್ಳುತ್ತಿದ್ದರೋ ಅವನಿಗೂ ಕಾನೂನಿನ ಪ್ರಕಾರ ನಾಲ್ಕು ಪೌಂಡಿಗಿಂತ ಒಂದು ಪೆನ್ನಿ ಹೆಚ್ಚು ಸಿಗುವಂತಿರಲಿಲ್ಲ. ತೆರೆಯ ಹಿಂದೆ ಕ್ಲಬ್ಬುಗಳು ಹಣ ಕೊಡುತ್ತಿದ್ದದ್ದು ಉಂಟು, ಸಿಕ್ಕಿಬಿದ್ದು ದಂಡ ತೆತ್ತದ್ದೂ ಉಂಟು.

ಇದಕ್ಕಿಂತ ಬಿಗಿಯಾದದ್ದು ಇನ್ನೊಂದು ಕಟ್ಟು. ಒಂದು ಕ್ಲಬ್ಬಿಗೆ ಸಹಿ ಹಾಕಿದವನು ಕರಾರಿನ ಅವಧಿ ಮುಗಿದ ಮೇಲೂ ಆ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಲೀಗಿನ ಬೇರೆ ಕ್ಲಬ್ಬಿಗೆ ಆಡುವಂತಿರಲಿಲ್ಲ. ಕ್ಲಬ್ ಬಯಸಿದರೆ ಅವನನ್ನು ಉಳಿಸಿಕೊಳ್ಳಬಹುದು, ಬೇಡವಾದರೆ ಮಾರಬಹುದು. ಮಾರಿದ ಹಣ ಕ್ಲಬ್ಬಿಗೇ. ಕಮ್ಮಾರ ಒಬ್ಬ ಮಾಲೀಕನ ಕಾರ್ಖಾನೆ ಬಿಟ್ಟು ಎದುರಿನ ಕಾರ್ಖಾನೆಗೆ ಹೋಗಬಹುದಿತ್ತು. ಕೆಲಸ ಬದಲಿಸುವ ಆ ಸಾಮಾನ್ಯ ಹಕ್ಕನ್ನು ಫುಟ್‌ಬಾಲ್ ಆಟಗಾರ ಕಳೆದುಕೊಂಡಿದ್ದ. ಇದು ನ್ಯಾಯವಲ್ಲ ಎಂದು ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮೊದಲಾದವರು 1907ರಲ್ಲಿ ಆಟಗಾರರ ಸಂಘ ಕಟ್ಟಿದರು. ಮೆರೆಡಿತ್ ಗಣಿಯಲ್ಲಿ ದುಡಿದು ಬಂದವನು. ಸಂಘಕ್ಕೆ ಜಯ ಸಿಕ್ಕಿದ್ದು ಬಹಳ ತಡವಾಗಿ: ಸಂಬಳದ ಮಿತಿ 1961ರಲ್ಲಿ ಹೋಯಿತು, ಆಟಗಾರನನ್ನು ಕಟ್ಟಿಹಾಕುವ ಪದ್ಧತಿ ನ್ಯಾಯಬಾಹಿರ ಎಂಬ ತೀರ್ಪು 1963ರಲ್ಲಿ ಬಂತು. ಅಷ್ಟು ಹೊತ್ತಿಗೆ ಬ್ಲೂಮರ್‌ನ ಓರಗೆಯವರಲ್ಲಿ ಬಹುಪಾಲು ಜನ ತೀರಿಕೊಂಡಿದ್ದರು.

ಬ್ಲೂಮರ್ ಆಟದ ಹೊರಗೆ ಒಂದಿಷ್ಟು ಗಳಿಸಿದ್ದು ತನ್ನ ಹೆಸರಿನಿಂದ. ಫುಟ್‌ಬಾಲ್ ಬೂಟಿನ ಜಾಹೀರಾತಿಗೆ ಹೆಸರು ಕೊಟ್ಟ ಮೊದಲ ಆಟಗಾರರಲ್ಲಿ ಅವನೂ ಒಬ್ಬ. ಇಂದು ಜಾಹೀರಾತಿನಿಂದ ಬರುವ ಹಣ ಆಟದ ಸಂಬಳವನ್ನೇ ಮೀರುವುದುಂಟು. ಆ ವ್ಯವಹಾರದ ಮೊಳಕೆ ಇಲ್ಲಿದೆ.

ಬ್ಲೂಮರ್ ಸ್ವತಃ ಮಾರಾಟವಾದದ್ದು 1906ರ ಮಾರ್ಚ್‌ನಲ್ಲಿ. ಡರ್ಬಿಯ ಹಣಕಾಸು ಬಿಗಿಯಾಗಿತ್ತು. ಎರಡನೆಯ ದರ್ಜೆಗೆ ಜಾರುವ ಭಯದಲ್ಲಿದ್ದ ಮಿಡಲ್ಸ್‌ಬರೋ ಕ್ಲಬ್ ಅವನಿಗೆ 750 ಪೌಂಡ್ ಕೊಡಲು ಮುಂದೆ ಬಂತು. ಅದರ ಹಿಂದಿನ ವರ್ಷ ಇದೇ ಮಿಡಲ್ಸ್‌ಬರೋ ಆಲ್ಫ್ ಕಾಮನ್ ಎಂಬ ಆಟಗಾರನನ್ನು 1,000 ಪೌಂಡಿಗೆ ಕೊಂಡು ದೇಶವೆಲ್ಲ ಬಾಯಿ ಬಿಡುವಂತೆ ಮಾಡಿತ್ತು. ಮನುಷ್ಯರನ್ನು ದನಗಳ ಹಾಗೆ ಕೊಳ್ಳುವುದೇ ಎಂಬ ಟೀಕೆ ಪತ್ರಿಕೆಗಳಲ್ಲಿ ಬಂದಿತ್ತು. ಬ್ಲೂಮರ್‌ಗೆ ಆಗ ಮೂವತ್ತೆರಡು ವರ್ಷ. ಮಿಡಲ್ಸ್‌ಬರೋ ಮೊದಲ ದರ್ಜೆಯಲ್ಲೇ ಉಳಿಯಿತು. ಅವನನ್ನು ಕಳಿಸಿಕೊಟ್ಟ ಡರ್ಬಿ ಮಾತ್ರ 1907ರಲ್ಲಿ ಎರಡನೆಯ ದರ್ಜೆಗೆ ಬಿತ್ತು. ಇಂಗ್ಲೆಂಡಿಗಾಗಿ ಅವನು ಕೊನೆಯ ಪಂದ್ಯ ಆಡಿದ್ದೂ ಅದೇ ವರ್ಷ, ನ್ಯೂಕ್ಯಾಸಲ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ. 1–1ರಲ್ಲಿ ಮುಗಿದ ಆ ಪಂದ್ಯದಲ್ಲಿ ಇಂಗ್ಲೆಂಡಿನ ಗೋಲು ಅವನದೇ.

1910ರಲ್ಲಿ ಡರ್ಬಿ ಅವನನ್ನು ಮರಳಿ ಕರೆಸಿಕೊಂಡಿತು. ಮೂವತ್ತಾರು ದಾಟಿದ್ದ ಬ್ಲೂಮರ್ ನಾಯಕನಾಗಿ ನಿಂತು ತಂಡವನ್ನು 1911–12ರಲ್ಲಿ ಎರಡನೆಯ ದರ್ಜೆಯ ಚಾಂಪಿಯನ್ ಮಾಡಿದ. ಡರ್ಬಿ ಮತ್ತೆ ಮೇಲಿನ ದರ್ಜೆಗೆ ಏರಿತು. 1914ರ ಜನವರಿಯಲ್ಲಿ ನಲವತ್ತು ತುಂಬಿದಾಗ ಅವನು ಆಟ ನಿಲ್ಲಿಸಿದ. ಅಲ್ಲಿಗೆ ಲೀಗಿನಲ್ಲಿ ಅವನ ಗೋಲುಗಳ ಮೊತ್ತ 352.

ಆಟ ನಿಂತ ಮೇಲೆ ಹೊಟ್ಟೆಪಾಡಿಗೆ ಏನು? ಆ ಕಾಲದ ಆಟಗಾರರಲ್ಲಿ ಕೆಲವರು ಪಬ್ಬು ನಡೆಸುತ್ತಿದ್ದರು, ಕೆಲವರು ಹಳೆಯ ಕಸುಬಿಗೆ ಮರಳುತ್ತಿದ್ದರು. ಆಟ ಕಲಿಸುವ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಬೆಲೆಯಿರಲಿಲ್ಲ. ಆಟಗಾರನಿಗೆ ಬೇಕಾದದ್ದು ಓಟ, ವ್ಯಾಯಾಮ ಮಾತ್ರ, ಆಟ ತಾನಾಗಿ ಬರುತ್ತದೆ ಎಂದು ಕ್ಲಬ್ಬಿನ ಯಜಮಾನರು ನಂಬಿದ್ದರು. ಆದರೆ ಯುರೋಪಿನ ಉಳಿದ ದೇಶಗಳಲ್ಲಿ ಆಟ ಹೊಸದು. ಅಲ್ಲಿನವರು ಇಂಗ್ಲಿಷ್ ಆಟಗಾರರನ್ನು ಗುರುಗಳಾಗಿ ಕರೆಸಿಕೊಳ್ಳುತ್ತಿದ್ದರು. ಜಿಮ್ಮಿ ಹೋಗನ್ ಹಾಲೆಂಡಿಗೂ ವಿಯೆನ್ನಾಕ್ಕೂ ಹೋದ, ವಿಲಿಯಂ ಗಾರ್ಬಟ್ ಇಟಲಿಯ ಜಿನೋವಾಕ್ಕೆ ಹೋದ. ಬ್ಲೂಮರ್‌ಗೆ ಕರೆ ಬಂದದ್ದು ಬರ್ಲಿನ್‌ನ ಬ್ರಿಟಾನಿಯಾ ಕ್ಲಬ್ಬಿನಿಂದ. 1914ರ ಜುಲೈನಲ್ಲಿ ಅವನು ಅಲ್ಲಿಗೆ ಹೊರಟ. ಕೆಲಸಕ್ಕೆ ಸೇರಿ ಕೆಲವೇ ವಾರಗಳಲ್ಲಿ, ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು.

ನವೆಂಬರ್‌ನಲ್ಲಿ ಜರ್ಮನ್ ಸರ್ಕಾರ ದೇಶದಲ್ಲಿದ್ದ ಬ್ರಿಟಿಷ್ ಗಂಡಸರನ್ನು ಹಿಡಿದು ಬರ್ಲಿನ್‌ನ ಪಶ್ಚಿಮಕ್ಕಿದ್ದ ರೂಲೆಬೆನ್ ಶಿಬಿರಕ್ಕೆ ಹಾಕಿತು. ಅದು ಮೊದಲು ಕುದುರೆ ಪಂದ್ಯದ ಮೈದಾನ. ಸೆರೆಯಾದವರಿಗೆ ಮಲಗಲು ಕೊಟ್ಟದ್ದು ಕುದುರೆ ಲಾಯ. ಒಂದು ಕುದುರೆ ನಿಲ್ಲುವ ಗೂಡಿಗೆ ಆರು ಜನ, ಉಳಿದವರು ಮೇಲಿನ ಹುಲ್ಲಿನ ಅಟ್ಟದಲ್ಲಿ. ಚಳಿಗಾಲದಲ್ಲಿ ಅಂಗಳವೆಲ್ಲ ಕೆಸರು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದಿನ ದೂಡಿದರು: ಹಡಗಿನ ಕೂಲಿಗಳು, ವ್ಯಾಪಾರಿಗಳು, ವಿದ್ಯಾರ್ಥಿಗಳು, ಸಂಗೀತಗಾರರು. 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದು ಮುಂದೆ ನೊಬೆಲ್ ಪಡೆದ ಜೇಮ್ಸ್ ಚಾಡ್ವಿಕ್ ಕೂಡ ಅಲ್ಲೇ ಇದ್ದ. ವಿಕಿರಣ ಸೂಸುವ ಹಲ್ಲುಜ್ಜುವ ಪೇಸ್ಟ್ ಆಗ ಜರ್ಮನಿಯ ಅಂಗಡಿಗಳಲ್ಲಿ ಸಿಗುತ್ತಿತ್ತು. ಚಾಡ್ವಿಕ್ ಅದನ್ನೇ ತರಿಸಿಕೊಂಡು ಲಾಯದಲ್ಲಿ ಪ್ರಯೋಗ ಮಾಡುತ್ತಿದ್ದ.

ಆ ಶಿಬಿರದ ಫುಟ್‌ಬಾಲ್ ಸಾಮಾನ್ಯದ್ದಲ್ಲ. ಇಂಗ್ಲೆಂಡ್ ಪರ ಆಡಿದ್ದ ಫ್ರೆಡ್ ಪೆಂಟ್‌ಲ್ಯಾಂಡ್ ಮತ್ತು ಸ್ಯಾಮ್ ವೋಲ್ಸ್‌ಟನ್‌ಹೋಮ್, ಸ್ಕಾಟ್ಲೆಂಡಿನ ಜಾನ್ ಕ್ಯಾಮರನ್, ಇವರೆಲ್ಲ ಬ್ಲೂಮರ್‌ನ ಹಾಗೆ ಆಟ ಕಲಿಸಲು ಜರ್ಮನಿಗೆ ಬಂದು ಸಿಕ್ಕಿಬಿದ್ದವರು. ಮೈದಾನದ ನಡುವಿನ ಹುಲ್ಲುಜಾಗವನ್ನು ಬಳಸಲು ಜರ್ಮನ್ ಅಧಿಕಾರಿಗಳ ಒಪ್ಪಿಗೆ ಪಡೆದು ಅವರು ಶಿಬಿರದೊಳಗೇ ಒಂದು ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಲಾಯಕ್ಕೊಂದು ತಂಡ, ಲೀಗ್, ಕಪ್ ಎಲ್ಲವೂ ಆದವು. ಪಂದ್ಯಗಳಿಗೆ ಶಿಬಿರದ ದೊಡ್ಡ ಪಾಲು ಬಂದು ಸುತ್ತ ನಿಲ್ಲುತ್ತಿತ್ತು. ನಲವತ್ತು ದಾಟಿದ ಬ್ಲೂಮರ್ ಫುಟ್‌ಬಾಲ್ ಆಡಿದ, ಕ್ರಿಕೆಟ್ ಆಡಿದ, ಹುಡುಗರಿಗೆ ಕಲಿಸಿದ. ಹಸಿವು, ಚಳಿ, ಮನೆಯ ಚಿಂತೆಗಳ ನಡುವೆ ಸಾವಿರಾರು ಜನರಿಗೆ ವಾರದ ಒಂದೆರಡು ಗಂಟೆಯಾದರೂ ಮನಸ್ಸು ಹಗುರವಾಗುವಂತೆ ಮಾಡಿದ ಈ ಆಟಗಾರರ ಕೆಲಸ ಅವರ ಯಾವ ಟ್ರೋಫಿಗೂ ಕಡಿಮೆಯಲ್ಲ. 1918ರಲ್ಲಿ ಬಿಡುಗಡೆಯಾಗಿ ಹಾಲೆಂಡಿಗೆ ಹೋದ ಬ್ಲೂಮರ್ ಅಲ್ಲಿ ಆಂಸ್ಟರ್‌ಡ್ಯಾಮ್‌ನ ಬ್ಲಾವ್-ವಿಟ್ ಕ್ಲಬ್ಬಿಗೆ ತರಬೇತಿ ಕೊಟ್ಟ. ಯುದ್ಧ ಮುಗಿದ ಮೇಲೆ ಡರ್ಬಿಗೆ ಮರಳಿದ.

1923ರಲ್ಲಿ ಅವನಿಗೆ ಮತ್ತೆ ಹೊರದೇಶದಿಂದ ಕರೆ ಬಂತು, ಈ ಸಲ ಸ್ಪೇನಿನ ಬಾಸ್ಕ್ ಸೀಮೆಯ ಇರುನ್ ಪಟ್ಟಣದ ರಿಯಲ್ ಉನಿಯಾನ್‌ನಿಂದ. ಫ್ರಾನ್ಸಿನ ಗಡಿಗೆ ಅಂಟಿಕೊಂಡ ಸಣ್ಣ ಊರು ಅದು. 1924ರ ಕೋಪಾ ಡೆಲ್ ರೇ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನೂ, ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು 1–0ಯಿಂದಲೂ ಸೋಲಿಸಿ ಬ್ಲೂಮರ್‌ನ ತಂಡ ಕಪ್ ಎತ್ತಿತು. ಆಟಗಾರನಾಗಿ ಎರಡು ಫೈನಲ್‌ಗಳಲ್ಲಿ ಕೈತಪ್ಪಿದ ಕಪ್ ಗುರುವಾಗಿ ಅವನಿಗೆ ದಕ್ಕಿದ್ದು ಐವತ್ತನೆಯ ವಯಸ್ಸಿನಲ್ಲಿ, ಪರದೇಶದಲ್ಲಿ. ರೂಲೆಬೆನ್‌ನಲ್ಲಿ ಅವನ ಜೊತೆಗಿದ್ದ ಪೆಂಟ್‌ಲ್ಯಾಂಡ್ ಕೂಡ ಸ್ಪೇನಿಗೆ ಹೋಗಿ ಅಥ್ಲೆಟಿಕ್ ಬಿಲ್ಬಾವೊವನ್ನು ದೊಡ್ಡ ತಂಡವಾಗಿ ಬೆಳೆಸಿದ. ಸ್ಪೇನಿನ ಫುಟ್‌ಬಾಲ್ ಚರಿತ್ರೆಯಲ್ಲಿ ಈ ಇಬ್ಬರ ಋಣ ಸಣ್ಣದಲ್ಲ. ಇವರ ವಿದ್ಯೆ ಬೇಡವೆಂದ ಇಂಗ್ಲೆಂಡ್ 1929ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನಿಗೆ 4–3ರಿಂದ ಸೋತಿತು. ಯುರೋಪ್ ಮುಖ್ಯಭೂಮಿಯ ತಂಡವೊಂದಕ್ಕೆ ಇಂಗ್ಲೆಂಡ್ ಸೋತದ್ದು ಅದೇ ಮೊದಲು.

ಸ್ಪೇನಿನಿಂದ ಬಂದ ಮೇಲೆ ಬ್ಲೂಮರ್ ಡರ್ಬಿಯಲ್ಲೇ ನೆಲೆ ನಿಂತ. ಸ್ಥಳೀಯ ಪತ್ರಿಕೆಗೆ ಫುಟ್‌ಬಾಲ್ ಅಂಕಣ ಬರೆದ. ಬೇಸ್‌ಬಾಲ್ ಗ್ರೌಂಡಿನಲ್ಲಿ ಕ್ಲಬ್ಬಿಗೆ ಬೇಕಾದ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ. ಕೈಯಲ್ಲಿ ಆಸ್ತಿಯೇನೂ ಇರಲಿಲ್ಲ. ಆರೋಗ್ಯ ಕೆಟ್ಟಾಗ ಊರಿನ ಹಿತೈಷಿಗಳು ಹಣ ಕೂಡಿಸಿ, ಸಮುದ್ರದ ಗಾಳಿಯಿಂದ ಚೇತರಿಸಿಕೊಳ್ಳಲಿ ಎಂದು ಅವನನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹಡಗು ಹತ್ತಿಸಿದರು. ಮರಳಿ ಬಂದ ಕೆಲವೇ ವಾರಗಳಲ್ಲಿ, 1938ರ ಏಪ್ರಿಲ್ 16ರಂದು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದದ್ದು ಡರ್ಬಿಯ ಕೆಥೆಡ್ರಲ್‌ನಲ್ಲಿ. ಸುತ್ತಿಗೆ ಹೊಡೆದು ಬದುಕು ಆರಂಭಿಸಿದ ಕೂಲಿಕಾರನಿಗೆ ಅವನ ಊರು ಕೊಟ್ಟ ಗೌರವ ಅದು.

ಡರ್ಬಿ ಕೌಂಟಿ 1997ರಲ್ಲಿ ಪ್ರೈಡ್ ಪಾರ್ಕ್ ಎಂಬ ಹೊಸ ಕ್ರೀಡಾಂಗಣಕ್ಕೆ ಹೋಯಿತು. 2009ರಲ್ಲಿ ಅಲ್ಲಿ ಬ್ಲೂಮರ್‌ನ ಎದೆಮಟ್ಟದ ಪ್ರತಿಮೆಯನ್ನು ಮೈದಾನಕ್ಕೆ ಮುಖಮಾಡಿ ಇಟ್ಟಿದ್ದಾರೆ. ತವರಿನ ಪಂದ್ಯಗಳಿಗೆ ಮುನ್ನ ಅಭಿಮಾನಿಗಳು ಹಾಡುವ ಹಾಡು ಅವನ ಹೆಸರಿನಲ್ಲೇ ಇದೆ. ಎಲ್ಲ ಪಂದ್ಯಾವಳಿ ಸೇರಿ ಡರ್ಬಿಗಾಗಿ ಅವನು ಹೊಡೆದ ಗೋಲು 332. ಕ್ಲಬ್ಬಿನ ಪಟ್ಟಿಯಲ್ಲಿ ಅವನ ನಂತರ ಬರುವ ಕೆವಿನ್ ಹೆಕ್ಟರ್‌ನ ಗೋಲು 201. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಿನ ಚರಿತ್ರೆಯಲ್ಲಿ ಬ್ಲೂಮರ್‌ಗಿಂತ ಹೆಚ್ಚು ಗೋಲು ಹೊಡೆದಿರುವವನು ಜಿಮ್ಮಿ ಗ್ರೀವ್ಸ್ ಒಬ್ಬನೇ.